ದೇವರ ಸ್ತುತಿ, ದೇವರ ಚಿತ್ತ: ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದ ಪ್ರಶ್ನೆಗಳು

ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಒಂದು ಚಿಕ್ಕ ಕ್ರೈಸ್ತ ಸಭೆ. ತಗಡಿನ ಮಾಡು, ನಾಲ್ಕು ಫ್ಯಾನು, ಅದರಲ್ಲಿ ಒಂದು ಯಾವಾಗಲೂ ರಿಪೇರಿಯಲ್ಲಿ. ಆರಾಧನೆಯ ನಂತರ ಎದ್ದು ನಿಂತು ಪ್ರಶ್ನೆ ಕೇಳಲು ನಾಚುವವರಿಗಾಗಿ ಬಾಗಿಲ ಬಳಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇವೆ. ಹೆಸರು ಬರೆಯಬೇಕಾಗಿಲ್ಲ, ಚೀಟಿ ಹಾಕಿದರೆ ಸಾಕು. ಕೆಲವು ಚೀಟಿಗಳಿಗೆ ಅರಿಸಿನ ಮೆತ್ತಿರುತ್ತದೆ, ಕೆಲವು ಬಸ್ ಟಿಕೆಟ್ಟಿನ ಬೆನ್ನಿಗೆ ಬರೆದವು. ವರ್ಷಗಳಿಂದ ಅವವೇ ಪ್ರಶ್ನೆಗಳು ಬೇರೆ ಬೇರೆ ಕೈಬರಹದಲ್ಲಿ ಬರುತ್ತಿವೆ. ಅವುಗಳಿಗೆ ಉತ್ತರ ಬರೆದಿಡು ಎಂದು ಸಭಾಪಾಲಕರು ನನಗೆ ಹೇಳಿದರು. ನಾನು ದೇವಶಾಸ್ತ್ರ ಓದಿದವನಲ್ಲ. ಭಾನುವಾರ ಸಂಡೇ ಸ್ಕೂಲ್ ಮೇಷ್ಟ್ರು, ಮಿಕ್ಕ ಆರು ದಿನ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಮೂರು ಎಕರೆ ಭತ್ತ ಬೆಳೆಯುವವನು. ತಪ್ಪಿದ್ದರೆ ಅದು ನನ್ನದು, ಸಭೆಯದಲ್ಲ.

ಮಾತುಮಾತಿಗೂ ‘ದೇವರಿಗೆ ಸ್ತೋತ್ರ’ ಎನ್ನುವುದು ಅಭ್ಯಾಸವಾಗಿಬಿಟ್ಟಿದೆ. ಅದನ್ನು ಸ್ತುತಿ ಎನ್ನಬಹುದೇ?

ಅಭ್ಯಾಸವೆಂದರೆ ಕೆಟ್ಟದ್ದಲ್ಲ. ಕಾಲುವೆಗೆ ದಂಡೆ ಇದ್ದರೆ ತಾನೆ ನೀರು ಬಂದಾಗ ಹರಿಯಲು ದಾರಿ? ನನಗೆ ಕಿರಿಕಿರಿಯಾಗುವುದು ಒಂದೇ ಕಡೆ. ಎದುರಿಗಿರುವವರು ಮನೆಯ ಕಷ್ಟ ಹೇಳುತ್ತಿರುತ್ತಾರೆ, ನಾವು ಪೂರ್ತಿ ಕೇಳಿಸಿಕೊಳ್ಳದೆ ನಡುವೆ ‘ಸ್ತೋತ್ರ, ಸ್ತೋತ್ರ’ ಎನ್ನುತ್ತೇವೆ. ಅದು ದೇವರಿಗೆ ಹೇಳಿದ್ದಲ್ಲ, ಮಾತು ಮುಗಿಸಿ ಎಂದು ಅವರಿಗೆ ಹೇಳಿದ್ದು. ಫೋನ್ ಇಡುವಾಗ ಹೇಳುವ ‘ಪ್ರೈಸ್ ದ ಲಾರ್ಡ್’ ಕೂಡ ಎಷ್ಟೋ ಸಲ ಹಾಗೆಯೇ. ಹೇಳಿ, ಆದರೆ ಮೊದಲು ಕಿವಿ ಕೊಡಿ.

ಸ್ತುತಿಗೂ ಕೃತಜ್ಞತೆಗೂ ಏನು ವ್ಯತ್ಯಾಸ?

ಕೊಟ್ಟದ್ದಕ್ಕೆ ಹೇಳುವುದು ಕೃತಜ್ಞತೆ. ಕೊಟ್ಟವನು ಎಂಥವನು ಎಂದು ಹೇಳುವುದು ಸ್ತುತಿ. ಬದುಕಿನಲ್ಲಿ ಎರಡೂ ಬೆರೆತೇ ಇರುತ್ತವೆ. ಸತ್ಯವೇದದ (ಬೈಬಲಿನ) 103ನೆಯ ಕೀರ್ತನೆ ಓದಿ ನೋಡಿ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ.

ದೇವರಿಗೆ ನಮ್ಮ ಹೊಗಳಿಕೆ ಏಕೆ ಬೇಕು? ಆತನೇನು ಶಾಸಕನೇ?

ಈ ಚೀಟಿ ಬರೆದವರು ಯಾರೋ ಗೊತ್ತಿಲ್ಲ, ಅವರಿಗೆ ಒಂದು ಚಹಾ ಕೊಡಿಸಬೇಕು. ಬೇಕಾಗಿಲ್ಲ ಎಂಬುದೇ ಉತ್ತರ. ನನಗೆ ಹಸಿವಾದರೆ ನಿನ್ನನ್ನು ಕೇಳುವುದಿಲ್ಲ, ಲೋಕವೆಲ್ಲ ನನ್ನದೇ ಎಂದು 50ನೆಯ ಕೀರ್ತನೆಯಲ್ಲಿ ದೇವರೇ ಹೇಳುತ್ತಾನೆ. ಸನ್ಮಾನದ ಶಾಲಿಗೆ ಕಾದು ಕುಳಿತವನ ಮಾತಲ್ಲ ಅದು.

ಹಾಗಾದರೆ ಏಕೆ ಸ್ತುತಿಸಬೇಕು? ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಲ್ಲಿ ಮೂರು ಕಿಲೋಮೀಟರ್ ನಡೆದು ಬಂದವನ ಕೈಗೆ ಒಂದು ಚೊಂಬು ತಣ್ಣೀರು ಕೊಡಿ. ಕುಡಿದ ಮೇಲೆ ಅವನ ಬಾಯಿಂದ ‘ಆಹಾ’ ಎಂಬ ಸದ್ದು ಬರುತ್ತದೆ. ಅದು ನೀರಿಗೆ ಬೇಕಾಗಿಲ್ಲ. ಆದರೆ ಆ ಸದ್ದು ಹೊರಡದಿದ್ದರೆ ಅವನು ಕುಡಿದದ್ದು ಪೂರ್ತಿಯಾದಂತೆ ಅನಿಸುವುದಿಲ್ಲ. ನನಗೆ ತಿಳಿದ ಮಟ್ಟಿಗೆ ಸ್ತುತಿ ಎಂದರೆ ಅಷ್ಟೇ.

‘ದೇವರ ಚಿತ್ತ’ ಎಂದರೆ ಹಣೆಬರಹವೇ ತಾನೆ?

ಡಬ್ಬಿಯಲ್ಲಿ ಅತಿ ಹೆಚ್ಚು ಸಲ ಬಿದ್ದ ಪ್ರಶ್ನೆ ಇದು. ನಾವು ಹುಟ್ಟಿ ಬೆಳೆದ ಭಾಷೆಯಲ್ಲಿ ಹಣೆಬರಹ, ವಿಧಿ, ಕರ್ಮ ಎಂಬ ಮಾತುಗಳು ನೀರು ಕುಡಿದಷ್ಟು ಸಲೀಸು. ಸಭೆಗೆ ಬಂದ ಮೇಲೆ ಆ ಮಾತುಗಳನ್ನು ಬಿಟ್ಟೆವು, ಅದರ ಜಾಗದಲ್ಲಿ ‘ಚಿತ್ತ’ ಎಂದು ಕೂರಿಸಿದೆವು. ಚೀಲ ಬದಲಾಯಿತು, ಒಳಗಿನ ಕಾಳು ಅದೇ ಉಳಿಯಿತು.

ವ್ಯತ್ಯಾಸ ಬಹಳ ಇದೆ. ಹಣೆಬರಹಕ್ಕೆ ಕಿವಿಯಿಲ್ಲ. ‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ಗಾದೆಯೇ ಇದೆ, ಯಾರೂ ಅಲ್ಲ ಎಂಬುದು ಅದರ ಅರ್ಥ. ದೇವರ ಚಿತ್ತ ಎಂದಾಗ ಅಲ್ಲಿ ಒಬ್ಬನಿದ್ದಾನೆ. ಆತನ ಜೊತೆ ಮಾತಾಡಬಹುದು, ಬೇಡಬಹುದು, ಜಗಳವಾಡಲೂಬಹುದು. ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಅಬ್ರಹಾಮನು ಸೊದೋಮ್ ಪಟ್ಟಣಕ್ಕಾಗಿ ಐವತ್ತರಿಂದ ಹಿಡಿದು ಹತ್ತರವರೆಗೆ ಇಳಿಸುತ್ತಾ ಬರುವುದನ್ನು ಓದಿ. ನಮ್ಮ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗಿದೆ. ದೇವರು ಸಿಟ್ಟಾಗಲಿಲ್ಲ. ಸಾಯುವ ಸ್ಥಿತಿಯಲ್ಲಿದ್ದ ಅರಸ ಹಿಜ್ಕೀಯನು ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತಾಗ ಅವನ ಆಯುಸ್ಸಿಗೆ ಹದಿನೈದು ವರ್ಷ ಕೂಡಿತು. ಯೇಸು ಸ್ವಾಮಿಯೇ ಗೆತ್ಸೇಮನೆ ತೋಟದಲ್ಲಿ ‘ಈ ಪಾತ್ರೆ ನನ್ನಿಂದ ತೊಲಗಲಿ’ ಎಂದು ಮೊದಲು ಕೇಳಿಕೊಂಡನು. ‘ನಿನ್ನ ಚಿತ್ತದಂತಾಗಲಿ’ ಎಂಬುದು ಅದರ ನಂತರ ಬಂದ ಮಾತು. ನಾವು ಕೇಳುವ ಭಾಗವನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹಾರುತ್ತೇವೆ. ಹಾಗೆ ಹಾರುವುದು ಭಕ್ತಿಯಂತೆ ಕಾಣುತ್ತದೆ, ಎಷ್ಟೋ ಸಲ ಅದು ಬರೀ ದಣಿವು.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮನುಷ್ಯರು ಮಾಡಿದ ಅನ್ಯಾಯಕ್ಕೆ ದೇವರ ಚಿತ್ತವೆಂಬ ಹೊದಿಕೆ ಹಾಕಬೇಡಿ. ಗಂಡ ಕುಡಿದು ಬಂದು ಹೊಡೆಯುವುದು ದೇವರ ಚಿತ್ತವಲ್ಲ. ಕೂಲಿ ಹಿಡಿದಿಟ್ಟುಕೊಳ್ಳುವ ಗುತ್ತಿಗೆದಾರ ದೇವರ ಯೋಜನೆಯ ಭಾಗವಲ್ಲ, ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ ಪ್ರಕಾರ ಆ ಕೂಲಿಯೇ ದೇವರ ಬಳಿ ಕೂಗುತ್ತಿದೆ. ‘ನೀವು ಕೇಡನ್ನು ಎಣಿಸಿದಿರಿ, ದೇವರು ಅದನ್ನು ಮೇಲಾಗಿ ಮಾಡಿದನು’ ಎಂಬ ಯೋಸೇಫನ ಮಾತನ್ನು ಎಲ್ಲರೂ ಹೇಳುತ್ತಾರೆ. ಆ ಮಾತು ಬಂದದ್ದು ಯಾರ ಬಾಯಿಂದ? ಗುಂಡಿಗೆ ಬಿದ್ದವನ ಬಾಯಿಂದ, ಅದೂ ಎಷ್ಟೋ ವರ್ಷಗಳ ನಂತರ. ತಳ್ಳಿದ ಅಣ್ಣಂದಿರು ಅದೇ ಮಾತನ್ನು ಗುಂಡಿಯ ಬಾಯಲ್ಲಿ ನಿಂತು ಹೇಳಿದ್ದರೆ ಹೇಗಿರುತ್ತಿತ್ತು?

ಯೆರೆಮೀಯ 29:11 ನನ್ನ ಈ ವರ್ಷದ ವಾಗ್ದಾನ. ಆದರೂ ಸಾಲ ತೀರಲಿಲ್ಲ, ಮನೆ ಮುಗಿಯಲಿಲ್ಲ. ಏಕೆ?

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಎತ್ತುತ್ತೇವಲ್ಲ, ಅದರಲ್ಲಿ ಈ ವಚನ ಬಂದರೆ ಇಡೀ ಸಾಲಿನವರು ತಿರುಗಿ ನೋಡುತ್ತಾರೆ. ಆಟೋದ ಹಿಂದೆ, ಕ್ಯಾಲೆಂಡರಿನ ಮೇಲೆ, ಮದುವೆಯ ಕಾರ್ಡಿನಲ್ಲಿ, ಎಲ್ಲ ಕಡೆ ಇದೇ ವಚನ. ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳು. ನಿರೀಕ್ಷೆ ಇದೆ, ಮುಂದೆ ಒಳ್ಳೆಯದಿದೆ. ಬಾಯಿಗೆ ಬೆಲ್ಲ ಹಾಕಿದಂತಿದೆ.

ಆದರೆ ಕಾಗದವನ್ನು ಮೇಲಿನಿಂದ ಓದಬೇಕು. ಇದು ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಕಳಿಸಿದ ಕಾಗದ. ಊರು ಕಳೆದುಕೊಂಡು ಪರದೇಶದಲ್ಲಿ ಸೆರೆಯಾಗಿ ಇದ್ದವರಿಗೆ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ‘ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ’ ಎಂದು ಸಾರಿದ್ದ. ಜನರಿಗೆ ಅದೇ ಇಷ್ಟವಾಗಿತ್ತು. ಯೆರೆಮೀಯ ಹೇಳಿದ ಲೆಕ್ಕ ಬೇರೆ: ಎಪ್ಪತ್ತು ವರ್ಷ. ನಮ್ಮ 11ನೆಯ ವಚನಕ್ಕೆ ಒಂದೇ ವಚನ ಮೊದಲು, 10ರಲ್ಲಿ, ಆ ಎಪ್ಪತ್ತು ಕುಳಿತಿದೆ. ಕಾಗದ ಕೈಯಲ್ಲಿ ಹಿಡಿದು ಓದಿಸಿಕೊಂಡ ಹಿರಿಯರಲ್ಲಿ ಬಹಳ ಮಂದಿ ಊರನ್ನು ಮತ್ತೆ ನೋಡಲಿಲ್ಲ. ಆ ವಾಗ್ದಾನ ಅವರ ಮೊಮ್ಮಕ್ಕಳ ಕೈಗೆ ಸಿಕ್ಕಿತು. ಕನ್ನಡದಲ್ಲಿ ‘ನಿಮ್ಮ’ ಎಂದರೆ ಒಬ್ಬರಿಗೆ ಕೊಟ್ಟ ಮರ್ಯಾದೆಯೂ ಆಗಬಹುದು, ಹಲವರನ್ನು ಕರೆದದ್ದೂ ಆಗಬಹುದು. ಇಲ್ಲಿ ಹಲವರು. ನನ್ನೊಬ್ಬನ ಮನೆಯ ಸ್ಲ್ಯಾಬಿನ ಮಾತಲ್ಲ.

ನನಗೆ ಆ ಕಾಗದದಲ್ಲಿ ಹೆಚ್ಚು ಹಿಡಿಸುವುದು 5ರಿಂದ 7ನೆಯ ವಚನಗಳು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವು ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಮ್ಮ ಸಭೆಯಿಂದ ಸುಗ್ಗಿ ಮುಗಿದ ಕೂಡಲೇ ಹತ್ತಾರು ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ನೀಲಿ ತಾಡಪಾಲಿನ ಕೆಳಗೆ ಇರುತ್ತಾರೆ. ‘ಇಲ್ಲಿ ಹೇಗೆ ಹಾಡುವುದಣ್ಣ, ಊರಿಗೆ ಬಂದ ಮೇಲೆ ಹಾಡುತ್ತೇವೆ’ ಎಂದು ಒಬ್ಬ ತಮ್ಮ ಫೋನಿನಲ್ಲಿ ಹೇಳಿದ. 137ನೆಯ ಕೀರ್ತನೆಯವರೂ ಕಿನ್ನರಿಗಳನ್ನು ಮರಕ್ಕೆ ನೇತುಹಾಕಿ ಅದನ್ನೇ ಹೇಳಿದ್ದರು. ಅವನಿಗೆ ಯೆರೆಮೀಯನ ಕಾಗದವನ್ನು 11ರಿಂದ ಅಲ್ಲ, 5ರಿಂದ ಓದಿ ಹೇಳಿದೆ. ಈಗ ಅವರು ಆರು ಮಂದಿ ಗುರುವಾರ ರಾತ್ರಿ ಅಡುಗೆಯಾದ ಮೇಲೆ ಶೆಡ್ಡಿನಲ್ಲಿ ಕುಳಿತು ಪ್ರಾರ್ಥಿಸುತ್ತಾರೆ. ಕಟ್ಟಡದ ಕಾವಲುಗಾರನೂ ಬಂದು ಕೂರುತ್ತಾನಂತೆ, ಅವನು ಒಡಿಶಾದವನು, ಕನ್ನಡ ಬಾರದು.

ಸಾಲ ಏಕೆ ತೀರಲಿಲ್ಲ ಎಂದು ಕೇಳಿದ್ದೀರಿ. ಬಡ್ಡಿ ಎಷ್ಟು ಎಂದು ಬರೆದಿದ್ದರೆ ಹೇಳಬಹುದಿತ್ತು.

2024ರಲ್ಲಿ ಅಣೆಕಟ್ಟೆಯ ಗೇಟು ಕೊಚ್ಚಿಹೋದಾಗ ನಾವು ಪ್ರಾರ್ಥಿಸಿದೆವು, ನೀರು ನಿಂತಿತು. ಅದು ದೇವರು ಮಾಡಿದ್ದೇ, ಎಂಜಿನಿಯರುಗಳು ಮಾಡಿದ್ದೇ?

ಎರಡು ವರ್ಷವಾದರೂ ಈ ಚೀಟಿ ಬರುವುದು ನಿಂತಿಲ್ಲ. ಅಂದು ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯದ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಯಿತು. 1953ರಲ್ಲಿ ಮುಗಿದ ಅಣೆಕಟ್ಟೆ ಅದು. ಬೆಳಗ್ಗೆ ಎದ್ದರೆ ಎಲ್ಲರ ಮೊಬೈಲಿನಲ್ಲೂ ನೀರು ನುಗ್ಗುವ ವಿಡಿಯೋ. ಆ ಭಾನುವಾರ ನಮ್ಮ ಸಭೆಯಲ್ಲಿ ಹಾಡು ಏಳಲೇ ಇಲ್ಲ. ನಾಟಿ ಮುಗಿಸಿದ ಗದ್ದೆಗಳು, ಗೊಬ್ಬರಕ್ಕೆ ಮಾಡಿದ ಸಾಲ, ಮೇಲಾಗಿ ನಾವು ಕಾಲುವೆಯ ಕೊನೆ ಭಾಗದವರು. ಜಲಾಶಯ ತುಂಬಿದ ವರ್ಷವೇ ನಮ್ಮ ತೂಬಿಗೆ ನೀರು ಬರುವುದು ಕಷ್ಟ, ಇನ್ನು ಖಾಲಿಯಾದರೆ ಕೇಳಬೇಕೇ? ಹಿರಿಯರೊಬ್ಬರು ಎದ್ದು ಹಬಕ್ಕೂಕನ ಮೂರನೆಯ ಅಧ್ಯಾಯದ ಕೊನೆ ಓದಿದರು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಳ್ಳಿ ಫಲ ಬಿಡದಿದ್ದರೂ, ಎಣ್ಣೆಮರ (ಆಲಿವ್) ಕೈಕೊಟ್ಟರೂ, ಹೊಲ ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ನಾನು ದೇವರಲ್ಲಿ ಉಲ್ಲಾಸಿಸುವೆನು ಎನ್ನುವ ಭಾಗ. ಅಂಜೂರ ಬಳ್ಳಾರಿ ಕಡೆ ಬೆಳೆಯುತ್ತಾರೆ, ದ್ರಾಕ್ಷಿ ಕೊಪ್ಪಳ ಕಡೆ. ಎಣ್ಣೆಮರ ಒಂದನ್ನು ಬಿಟ್ಟರೆ ಆ ಪಟ್ಟಿಯೆಲ್ಲ ನಮ್ಮದೇ. ಆಮೆನ್ ಹೇಳಿದೆವು, ಆದರೆ ಯಾರ ದನಿಯಲ್ಲೂ ಉಲ್ಲಾಸವಿರಲಿಲ್ಲ. ಇದ್ದಂತೆ ನಟಿಸಲಿಲ್ಲ ಎಂಬುದೇ ಆ ದಿನದ ಒಳ್ಳೆಯದು.

ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ, ಉಕ್ಕಿನ ತಡೆಹಲಗೆಗಳನ್ನು ಒಂದೊಂದೇ ತುಂಡಾಗಿ ಕ್ರೇನಿನಿಂದ ಇಳಿಸಿ ಕೂರಿಸಿದರು. ಆಮೇಲೆ ಸುರಿದ ಮಳೆಗೆ ಜಲಾಶಯ ಮತ್ತೆ ತುಂಬಿತು. ನಾನು ದೇವರಿಗೆ ಸ್ತೋತ್ರ ಹೇಳಿದೆ. ಆ ಉಕ್ಕನ್ನು ಬೆಸೆದವರನ್ನೂ, ಆ ಸೆಳವಿನ ಮೇಲೆ ನಿಂತು ಕೆಲಸ ಮಾಡಿದವರನ್ನೂ ನೆನೆದೆ. ಅವರಲ್ಲಿ ಯಾರು ಯಾವ ದೇವರನ್ನು ನಂಬುತ್ತಾರೆ ಎಂದು ಕೇಳುವ ಕೆಲಸ ನನ್ನದಲ್ಲ. ‘ದೇವರೋ, ಎಂಜಿನಿಯರೋ’ ಎಂದು ಎರಡು ತಕ್ಕಡಿ ಇಡುವುದೇ ತಪ್ಪು. ನೆಹೆಮೀಯನ ಜನ ಯೆರೂಸಲೇಮಿನ ಗೋಡೆ ಕಟ್ಟುವಾಗ ಪ್ರಾರ್ಥನೆಯನ್ನೂ ಮಾಡಿದರು, ರಾತ್ರಿ ಹಗಲು ಕಾವಲನ್ನೂ ಇಟ್ಟರು. ಎರಡೂ ಒಂದೇ ವಚನದಲ್ಲಿವೆ, 4:9. ನನಗೂ ಪಾಳಿ ನೀರಿನ ರಾತ್ರಿ ಪ್ರಾರ್ಥಿಸಿ ಮಲಗಿದರೆ ನೀರು ಬರುವುದಿಲ್ಲ. ಪ್ರಾರ್ಥಿಸಿ, ಬ್ಯಾಟರಿ ಹಿಡಿದು, ಕಾಲುವೆಯ ಗೇಜು ನೋಡಲು ಹೋಗಬೇಕು.

ಅಂದ ಹಾಗೆ, ನೀರು ನಿಲ್ಲದಿದ್ದರೆ ಏನು ಹೇಳುತ್ತಿದ್ದೆವು? ಚೀಟಿ ಬರೆದವರು ಆ ಪ್ರಶ್ನೆಯನ್ನೂ ಹಾಕಿಕೊಳ್ಳಲಿ.

ಸಾವಿನ ಮನೆಯಲ್ಲೂ ಸ್ತೋತ್ರ ಹೇಳಲೇಬೇಕೇ?

‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ’ ಎಂದು ಪೌಲನು ಥೆಸಲೋನಿಕದವರಿಗೆ ಬರೆದದ್ದು ನಿಜ. ‘ಎಲ್ಲಾದರಲ್ಲಿಯೂ’ ಎಂದರೆ ಎಂಥ ಸ್ಥಿತಿಯ ನಡುವೆಯೂ ಎಂದು ಅರ್ಥ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ‘ಎಲ್ಲಾ ಕಾರ್ಯಗಳಿಗಾಗಿ’ ಎಂಬ ಮಾತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಪೌಲ ‘ಅಳುವವರ ಸಂಗಡ ಅಳಿರಿ’ ಎಂದೂ ಬರೆದಿದ್ದಾನೆ. ಅಳುವವರ ಮುಂದೆ ಹಾಡಿರಿ ಎಂದು ಬರೆದಿಲ್ಲ.

ನನ್ನ ತಂಗಿಯ ಮಗಳು ಆರು ವರ್ಷದವಳಿದ್ದಾಗ ಡೆಂಗಿ ಜ್ವರದಲ್ಲಿ ಹೋದಳು. ಸಮಾಧಾನ ಹೇಳಲು ಬಂದವರೊಬ್ಬರು, ಒಳ್ಳೆಯವರೇ, ‘ದೇವರಿಗೆ ತನ್ನ ತೋಟಕ್ಕೆ ಒಂದು ಹೂವು ಬೇಕಾಗಿತ್ತಮ್ಮ, ಕಿತ್ತುಕೊಂಡ’ ಎಂದರು. ತಂಗಿ ತಲೆಯೆತ್ತಿ, ‘ಅಣ್ಣಾ, ದೇವರ ತೋಟದಲ್ಲಿ ಹೂವಿಗೆ ಬರವೇ?’ ಎಂದು ಕೇಳಿದಳು. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನನಗೆ ಆಗ ಅವಳ ಮೇಲೆ ಸಿಟ್ಟು ಬಂದಿತ್ತು, ಹಿರಿಯರಿಗೆ ಹೀಗೆ ಎನ್ನಬಹುದೇ ಎಂದು. ಈಗ ಅನಿಸುತ್ತದೆ, ಆ ದಿನ ಆ ಮನೆಯಲ್ಲಿ ದೇವರ ಮರ್ಯಾದೆ ಉಳಿಸಿದವಳು ಅವಳೊಬ್ಬಳೇ.

ಅವಳು ಮುಂದೆ ಎಂಟು ತಿಂಗಳು ಸಭೆಯಲ್ಲಿ ಬಾಯಿ ತೆರೆದು ಹಾಡಲಿಲ್ಲ. ಬರುವುದನ್ನು ಬಿಡಲಿಲ್ಲ. ಪ್ರಭುಭೋಜನದ ಪುಟ್ಟ ಲೋಟಗಳನ್ನು ತೊಳೆದು, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿ ಸಾಲಾಗಿ ಇಡುವ ಕೆಲಸ ಅವಳದಾಗಿತ್ತು. ಅದನ್ನು ಒಂದು ವಾರವೂ ತಪ್ಪಿಸಲಿಲ್ಲ. ‘ನಿನ್ನ ತಂಗಿಗೆ ಸ್ವಲ್ಪ ಹೇಳು, ಸ್ತುತಿಸಿದರೆ ಮನಸ್ಸು ಹಗುರಾಗುತ್ತದೆ’ ಎಂದು ಎರಡು ಮೂರು ಮಂದಿ ನನ್ನ ಬಳಿ ಹೇಳಿದರು. ನಾನು ಹೇಳಲಿಲ್ಲ. 88ನೆಯ ಕೀರ್ತನೆ ತೆಗೆದು ಕೊಟ್ಟೆ, ಅಷ್ಟೇ. ಆ ಕೀರ್ತನೆಯ ಕೊನೆಯ ಮಾತು ಕತ್ತಲೆ. ‘ಆದರೂ ನಿನ್ನನ್ನು ಕೊಂಡಾಡುವೆನು’ ಎಂದು ಅದು ತಿರುಗುವುದಿಲ್ಲ. ಹೀಬ್ರೂ ಭಾಷೆಯಲ್ಲಿ ಕೀರ್ತನೆಗಳ ಪುಸ್ತಕದ ಹೆಸರಿನ ಅರ್ಥವೇ ಸ್ತುತಿಗಳು. ಆ ಕತ್ತಲೆಯ ಹಾಡನ್ನೂ ಅದರಿಂದ ಯಾರೂ ಹೊರಗೆ ಹಾಕಲಿಲ್ಲ.

ಸತ್ತ ಗೆಳೆಯ ಲಾಜರನನ್ನು ತಾನು ಎಬ್ಬಿಸುವುದು ಯೇಸು ಸ್ವಾಮಿಗೆ ಗೊತ್ತಿತ್ತು. ಆದರೂ ಸಮಾಧಿಯ ದಾರಿಯಲ್ಲಿ ಮೊದಲು ಅತ್ತನು.

ಕಷ್ಟ ಬಂದರೆ ನಾನು ಯಾವುದೋ ಪಾಪ ಮಾಡಿದ್ದೇನೆ ಎಂದು ಅರ್ಥವೇ?

ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದನು ಸ್ವಾಮಿ. ಸಿಲೋವದಲ್ಲಿ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಇತರರಿಗಿಂತ ಹೆಚ್ಚು ಪಾಪಿಗಳಲ್ಲ ಎಂದೂ ಹೇಳಿದನು. ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು, ಕಷ್ಟಕ್ಕೆ ಪಾಪವೇ ಕಾರಣ ಎಂದು ಎದ್ದು ಬಿದ್ದು ವಾದಿಸಿದರು, ಕೊನೆಗೆ ದೇವರ ಸಿಟ್ಟಿಗೆ ಗುರಿಯಾದವರು ಅವರೇ. ಅವರು ಮೊದಲ ಏಳು ದಿನ ಬಾಯಿ ಮುಚ್ಚಿಕೊಂಡು ಯೋಬನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ದೇವರನ್ನು ಪೂರ್ತಿ ನಂಬಿದರೆ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೇ?

ಬಿಡಬೇಡಿ. ಯಾರೇ ಹೇಳಿದರೂ, ಎಷ್ಟು ದೊಡ್ಡ ಕೂಟದಲ್ಲಿ ಹೇಳಿದರೂ ಬಿಡಬೇಡಿ. ಪೌಲನ ಜೊತೆ ತಿರುಗಿದ ಲೂಕ ವೈದ್ಯನಾಗಿದ್ದ. ನನ್ನ ಸೋದರಮಾವನೊಬ್ಬ ಇಂಥದೇ ಮಾತು ಕೇಳಿ ಮಾತ್ರೆ ನಿಲ್ಲಿಸಿದ. ಎಡಗೈ ಈಗಲೂ ಏಳುವುದಿಲ್ಲ. ಹೇಳಿದವರು ಆಮೇಲೆ ನಮ್ಮ ಊರಿಗೆ ಬರಲಿಲ್ಲ.

ಸಾಕ್ಷಿ ಹೇಳುವ ಹೊತ್ತಿಗೆ ಎಲ್ಲರ ಪ್ರಾರ್ಥನೆಗೂ ಉತ್ತರ ಸಿಕ್ಕಿರುತ್ತದೆ, ನನ್ನದಕ್ಕೆ ಮಾತ್ರ ಇಲ್ಲ. ನನ್ನ ನಂಬಿಕೆಯಲ್ಲಿ ಕೊರತೆಯೇ?

ಎಲ್ಲರದಕ್ಕೂ ಸಿಕ್ಕಿರುವುದಿಲ್ಲ. ಸಿಕ್ಕವರು ಎದ್ದು ನಿಲ್ಲುತ್ತಾರೆ, ಸಿಗದವರು ಕುಳಿತಿರುತ್ತಾರೆ, ಅಷ್ಟೇ. ಕೆಲಸ ಸಿಕ್ಕಿತು, ಗಾಡಿ ಕೊಂಡೆವು, ಗಂಡು ಮಗುವಾಯಿತು (ಹೆಣ್ಣು ಮಗುವಾದದ್ದಕ್ಕೆ ಎದ್ದು ನಿಂತವರನ್ನು ನಾನು ಎರಡೇ ಸಲ ನೋಡಿದ್ದೇನೆ). ನನ್ನ ಮಗ ಪಿಯುಸಿಯಲ್ಲಿ ಎರಡನೆಯ ಸಲ ಫೇಲಾದ ವಾರ, ಅವನ ಜೊತೆಗಾರನ ತಂದೆ ಎದ್ದು ಮಗನ ಅಂಕಗಳನ್ನು ಹೇಳಿ ದೇವರಿಗೆ ಮಹಿಮೆ ಸಲ್ಲಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ, ಕೈ ಮಾತ್ರ ತಟ್ಟಿತು. ಮಗ ಈಗ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ. ಇದೇ ದೇವರ ಯೋಜನೆಯಾಗಿತ್ತು, ಅದಕ್ಕೇ ಫೇಲಾದ ಎಂದು ಹೇಳಲು ನನಗೆ ಧೈರ್ಯವಿಲ್ಲ. ಅವನು ಓದಿರಲಿಲ್ಲ, ಅದೂ ನಿಜ.

ಹಿರಿಯರ ಸಭೆಯಲ್ಲಿ ಒಂದು ಬದಲಾವಣೆ ಕೇಳಿಕೊಂಡೆ. ತಿಂಗಳಿಗೊಂದು ಭಾನುವಾರ, ಇನ್ನೂ ಉತ್ತರ ಸಿಗದವರೂ ಎದ್ದು ನಿಂತು ‘ಇನ್ನೂ ಕಾಯುತ್ತಿದ್ದೇನೆ’ ಎಂದು ಹೇಳಬಹುದು. ಮೊದಲ ತಿಂಗಳು ಯಾರೂ ಏಳಲಿಲ್ಲ. ಎರಡನೆಯ ತಿಂಗಳು ಒಬ್ಬ ಅಜ್ಜಿ ಎದ್ದು, ‘ನಲವತ್ತು ವರ್ಷದಿಂದ ಗಂಡನಿಗಾಗಿ ಕೇಳುತ್ತಿದ್ದೇನೆ, ಅವನೂ ಮುದುಕನಾದ, ನಾನೂ ಮುದುಕಿಯಾದೆ’ ಎಂದಳು. ಸಭೆ ನಕ್ಕಿತು, ಅವಳೂ ನಕ್ಕಳು. ಆಮೇಲೆ ಏಳುವವರ ಸಾಲು ದೊಡ್ಡದಾಯಿತು.

ಕೆಲಸ, ಮದುವೆ ಮುಂತಾದ ವಿಷಯದಲ್ಲಿ ದೇವರ ಚಿತ್ತ ತಿಳಿಯುವುದು ಹೇಗೆ? ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಡಬಹುದೇ?

ಬೆರಳು ‘ಯೂದನು ಹೋಗಿ ನೇಣುಹಾಕಿಕೊಂಡನು’ ಎಂಬಲ್ಲಿ ಬಿದ್ದರೆ ಏನು ಮಾಡುತ್ತೀರಿ? ಅಪೊಸ್ತಲರು ಆ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಲು ಚೀಟು ಹಾಕಿದ್ದು ನಿಜ. ಆದರೆ ಅದಕ್ಕೂ ಮೊದಲು ಇಬ್ಬರು ಯೋಗ್ಯರನ್ನು ತಾವೇ ವಿಚಾರಿಸಿ ನಿಲ್ಲಿಸಿದ್ದರು. ಪವಿತ್ರಾತ್ಮ ಇಳಿದು ಬಂದ ಮೇಲೆ ಅವರು ಮತ್ತೆ ಚೀಟು ಹಾಕಿದ ಸುದ್ದಿ ಅಪೊಸ್ತಲರ ಕೃತ್ಯಗಳಲ್ಲಿ ಇಲ್ಲ.

ಸಂಬಂಧ ನೋಡುವಾಗ ‘ಪ್ರಾರ್ಥಿಸಿದೆವು, ಸಮಾಧಾನ ಸಿಕ್ಕಿತು’ ಎನ್ನುವವರಿಗೆ ನಾನು ಕೇಳುವುದಿಷ್ಟು: ಹುಡುಗ ಕೆಲಸ ಮಾಡುವ ಜಾಗಕ್ಕೆ ಹೋಗಿ ವಿಚಾರಿಸಿದಿರಾ? ಹುಡುಗಿಯನ್ನು ಕೇಳಿದಿರಾ, ಅವಳೊಬ್ಬಳನ್ನೇ ಕೂರಿಸಿಕೊಂಡು? ಸತ್ಯವೇದದಲ್ಲಿ ಈಗಾಗಲೇ ಸ್ಪಷ್ಟವಾಗಿ ಬರೆದದ್ದನ್ನು, ಅಂದರೆ ಸುಳ್ಳು ಹೇಳಬೇಡ, ವರದಕ್ಷಿಣೆಯ ಆಸೆ ಪಡಬೇಡ ಎನ್ನುವಂಥದನ್ನು, ಪಕ್ಕಕ್ಕಿಟ್ಟು ಬರೆಯದಿರುವುದನ್ನು ತಿಳಿಯಲು ಮೂರು ದಿನ ಉಪವಾಸ ಮಾಡುತ್ತೇವೆ. ವರದಕ್ಷಿಣೆ ಎಂಬ ಪದ ಅಲ್ಲಿಲ್ಲ ಎಂದು ಯಾರೋ ಖಂಡಿತ ಹೇಳುತ್ತಾರೆ. ಹತ್ತನೆಯ ಆಜ್ಞೆ ಓದಿಕೊಳ್ಳಲಿ.

ಎರಡೂ ದಾರಿ ಒಳ್ಳೆಯದಾಗಿದ್ದರೆ ಒಂದನ್ನು ಹಿಡಿಯಿರಿ. ‘ಕರ್ತನ ಚಿತ್ತವಾದರೆ’ ಎಂದು ಯಾಕೋಬನು ಹೇಳಿಕೊಟ್ಟದ್ದು ಯೋಜನೆ ಹಾಕಬೇಡಿ ಎಂದಲ್ಲ, ಹಾಕಿದ ಯೋಜನೆಯನ್ನು ಸಡಿಲವಾಗಿ ಹಿಡಿದುಕೊಳ್ಳಿ ಎಂದು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಸತ್ಯವೇದದ ಅನುವಾದಕ್ಕೆ ಕೈಹಾಕಿದರು. ಪೂರ್ತಿ ಸತ್ಯವೇದ ಅಚ್ಚಾಗಿ ಬರುವ ಹೊತ್ತಿಗೆ ಇಪ್ಪತ್ತು ವರ್ಷ ದಾಟಿತ್ತು. ಆ ವರ್ಷಗಳಲ್ಲಿ ಎಷ್ಟು ದಿನ ಅವರಿಗೆ ಇದು ದೇವರ ಚಿತ್ತ ಎಂದು ಢಾಳಾಗಿ ಅನಿಸಿರಬಹುದು, ಎಷ್ಟು ದಿನ ಬರೀ ಒಂದು ಕ್ರಿಯಾಪದದ ಜೊತೆ ಗುದ್ದಾಡಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ನಂಬಿಕೆಯ ಬೀಜವೆಂದು ಸಾವಿರ ರೂಪಾಯಿ ಬಿತ್ತಿದರೆ ನೂರರಷ್ಟು ಬರುತ್ತದೆಯೇ?

ನಾನು ಬಿತ್ತುವವನು. ಒಳ್ಳೆಯ ಬೀಜ ಹಾಕಿ, ಗೊಬ್ಬರ ಕೊಟ್ಟು, ನೀರು ಬಾರದೆ ಬೆಳೆ ಒಣಗಿದ್ದನ್ನು ನೋಡಿದ್ದೇನೆ. ಬೀಜದ ಅಂಗಡಿಯವನೂ ನೂರರಷ್ಟು ಎಂದು ಬರೆದು ಕೊಡುವುದಿಲ್ಲ. ಕಾಣಿಕೆಯನ್ನು ಸಂತೋಷದಿಂದ ಕೊಡಿ, ಕೊಟ್ಟು ಮರೆತುಬಿಡಿ. ಸಾಲ ತಂದು ಕೊಡಬೇಡಿ.

ಬೆಳಗ್ಗೆ ನಾಲ್ಕಕ್ಕೆ ಎದ್ದರೂ ಅಡುಗೆ, ಮಕ್ಕಳು, ಹೊಲದ ಕೆಲಸ ಮುಗಿಯುವುದಿಲ್ಲ. ನಾನು ಯಾವಾಗ ಸ್ತುತಿಸಲಿ?

ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ರೊಟ್ಟಿಗೆ ಒಂದೊಂದು ಹೆಸರು. ಹಿಟ್ಟಿನ ಮುದ್ದೆ ಇಡುವಾಗ ಹೆಸರು ಹೇಳುವಳು, ಬಡಿಯುತ್ತಾ ಬಡಿಯುತ್ತಾ ಅವರ ಬಗ್ಗೆ ದೇವರಿಗೆ ಏನು ಹೇಳಬೇಕೋ ಹೇಳುವಳು, ಹಂಚಿಗೆ ಹಾಕಿ ನೀರು ಸವರುವಾಗ ‘ಸ್ತೋತ್ರಪ್ಪ’ ಎಂದು ಮುಗಿಸುವಳು. ನಾನು ತಂಟೆ ಮಾಡಿದ ದಿನ ನನ್ನ ಹೆಸರಿನ ರೊಟ್ಟಿಗೆ ಪೆಟ್ಟು ಜೋರಾಗಿ ಬೀಳುತ್ತಿತ್ತು. ಒಲೆಯ ಹತ್ತಿರ ಕುಳಿತ ನಮಗೆ ಯಾವುದು ಯಾರ ರೊಟ್ಟಿ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಜಗಳವಾಡಿದ ನೆರೆಮನೆಯವಳ ಹೆಸರಿನ ರೊಟ್ಟಿಯೂ ಇರುತ್ತಿತ್ತು. ಅದನ್ನು ಅವ್ವ ತಾನೇ ತಿನ್ನುತ್ತಿದ್ದಳು.

ನಿಮಗೆ ಬೇರೆ ಸಮಯ ಬೇಕಾಗಿಲ್ಲ ಎಂದು ಹೇಳುತ್ತಿಲ್ಲ. ಮನೆಯ ಗಂಡಸರು ಒಂದು ಕೊಡ ನೀರು ತಂದಿಟ್ಟರೆ ನಿಮಗೆ ಹತ್ತು ನಿಮಿಷ ಸಿಗುತ್ತದೆ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ನನಗೆ ರಾಗ ಬರುವುದಿಲ್ಲ. ನಮ್ಮ ಸಭೆಯಲ್ಲಿ ಅರ್ಧ ಹಾಡು ತೆಲುಗಿನವು, ಅರ್ಥವೂ ಆ‌ಗುವುದಿಲ್ಲ.

ತಾಳ ಹಾಕಿ. 150ನೆಯ ಕೀರ್ತನೆ ತುತೂರಿ, ದಮ್ಮಡಿ, ತಾಳಗಳನ್ನೆಲ್ಲ ಕರೆಯುತ್ತದೆ, ಶ್ರುತಿಶುದ್ಧವಾಗಿರಲಿ ಎಂದು ಎಲ್ಲೂ ಹೇಳುವುದಿಲ್ಲ. ತೆಲುಗಿನ ಮಾತು ಬೇರೆ. ನಮ್ಮದು ಗಡಿ ಸೀಮೆ, ರಾಯಚೂರು, ಬಳ್ಳಾರಿಗಳಲ್ಲಿ ಎರಡೂ ನಾಲಿಗೆಯ ಮೇಲಿವೆ. ಆದರೂ ಹಾಡುವ ಮುನ್ನ ಅರ್ಥವನ್ನು ಕನ್ನಡದಲ್ಲಿ ಎರಡು ಮಾತು ಹೇಳಬೇಕು ಎಂಬುದು ನನ್ನ ಹಳೆಯ ತಕರಾರು. ಬುದ್ಧಿಯಿಂದಲೂ ಹಾಡುವೆನು ಎಂದು ಪೌಲನೇ ಹೇಳಿದ್ದಾನೆ.

ಪ್ರತಿ ವಾರ ಅದೇ ಹಾಡು ಹಾಡುತ್ತೇವೆ. ದೇವರಿಗೆ ಬೇಸರವಾಗುವುದಿಲ್ಲವಾ?

ಹೆಸರು ಬರೆಯದಿದ್ದರೂ ಕೈಬರಹ ಗೊತ್ತಾಯಿತು ಪುಟ್ಟಾ, ‘ಹಾಡು’ ಎಂಬ ಪದಕ್ಕೆ ಎರಡು ಕೊಂಬು ಹಾಕುವವಳು ನೀನೊಬ್ಬಳೇ. ದೇವರಿಗೆ ಬೇಸರವಾಗುತ್ತದೋ ಇಲ್ಲವೋ, ನಿನಗಂತೂ ಆಗಿದೆ. 96ನೆಯ ಕೀರ್ತನೆ ‘ಹೊಸ ಹಾಡನ್ನು ಹಾಡಿರಿ’ ಎನ್ನುತ್ತದೆ, ಆದ್ದರಿಂದ ನಿನ್ನ ದೂರು ನ್ಯಾಯವಾದದ್ದೇ. ಹೊಸದೊಂದನ್ನು ಕಲಿಯೋಣ. ಕೀಬೋರ್ಡ್ ನುಡಿಸುವ ನಿಮ್ಮಣ್ಣ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ, ಅವನು ಬರುವವರೆಗೆ ಖಂಜರಿ ನೀನೇ ಬಾರಿಸಬೇಕು. ಶನಿವಾರ ಸಂಜೆ ಐದಕ್ಕೆ ಬಾ. ಬರುವಾಗ ನಿಮ್ಮ ಮನೆಯ ಖಂಜರಿಯನ್ನೇ ತೆಗೆದುಕೊಂಡು ಬಾ, ಸಭೆಯದನ್ನು ಇಲಿ ಕಡಿದಿದೆ.